ಕೊರಡಿನೊಳಗಿನ ಸಂಸಾರ

ದುಂಬಿಗಳ ಅಧ್ಯಯನಕ್ಕೆಂದು ಕಾಡೆಲ್ಲ ಅಲೆದು ಬರಿಗೈಯಲ್ಲಿ ಮರಳುತ್ತಿದ್ದೆ. ಭದ್ರಾವತಿ ಓಲ್ಡ್ ಟೌನಿನ ಟೀ ಅಂಗಡಿಯಲ್ಲಿ ಕೂತಾಗ ಕಾಲಲ್ಲಿ ಜೀವವಿರಲಿಲ್ಲ. ಅಂಗಡಿಯ ರತ್ನಮ್ಮ ಒಲೆಗೆಂದು ಕೊಳೆತ ಕೊರಡೊಂದನ್ನು ಸೀಳಿದರು. ನಾನು ಹುಡುಕುತ್ತಿದ್ದ, ಕೊಳೆತ ಮರದೊಳಗೇ ಬಾಳುವ ಪ್ಯಾಸಲಿಡೇ ಕುಟುಂಬದ ಕಪ್ಪು ದುಂಬಿಗಳು ಅದರೊಳಗಿದ್ದವು. ಒಂದನ್ನು ಹಿಡಿದು ಡಬ್ಬಿಗೆ ಹಾಕಿದೆ. ಇವು ಗಂಡೂ ಹೆಣ್ಣೂ ಸೇರಿ ಮರ ಅಗಿದು ಮರಿಹುಳುಗಳಿಗೆ ತಿನ್ನಿಸುತ್ತವೆ, ಕತ್ತಲೆಯಲ್ಲಿ ಕಿರುಗುಟ್ಟಿ ಒಂದನ್ನೊಂದು ಕರೆಯುತ್ತವೆ ಎಂದು ಅವರಿಗೆ ಹೇಳಿದೆ.

"ಒಂದನ್ನೇ ತಗೊಂಡು ಹೋಗ್ತೀರಾ ಮಾರಾಯ್ರೆ?"

"ಯಾವ ಪ್ರಭೇದ ಅಂತ ನೋಡೋಕೆ ಒಂದು ಸಾಕಮ್ಮ."

ರತ್ನಮ್ಮ ಸೀಳಿದ ಕೊರಡನ್ನು ಮತ್ತೆ ಜೋಡಿಸಿ ನೆರಳಿಗಿಟ್ಟು, ಒಲೆಗೆ ಬೇರೆ ಸೌದೆ ಹಾಕಿದರು.

ಶಿವಮೊಗ್ಗದ ಬಸ್ಸಿನಲ್ಲಿ ಕಣ್ಣು ಹತ್ತುವಷ್ಟರಲ್ಲಿ ಡಬ್ಬಿ ಕಿರುಗುಟ್ಟಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕಿರುಗುಟ್ಟಿತು.