ಮೂರಡಿಗೆ ಎರಡಡಿ

ಹಸಿ ಸಿಮೆಂಟಿನ ವಾಸನೆ ನನಗೆ ಅನ್ನ ಕೊಟ್ಟ ವಾಸನೆ. ಟೈಲ್ಸ್ ಮಾರಿಯೇ ಮೇಲೆ ಬಂದವನು ನಾನು. ಆದರೂ ಮೊನ್ನೆ ಅಂಗಡಿ ಮುಂದೆ ಇಳಿಜಾರು ಕಟ್ಟಿಸುವಾಗ ಆ ವಾಸನೆಗೆ ಮೈ ಉರಿಯಿತು. ನಮ್ಮ ಲೆಕ್ಕದ ಮೇಷ್ಟ್ರು ಕಣ್ಣ ಮುಂದೆ ನಿಂತರು. ನಿಂತರು ಅನ್ನುವುದೂ ತಪ್ಪು... ಕೊನೆಗಾಲಕ್ಕೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಇದ್ದರು.

ಹರಿಹರದ ಹೈಸ್ಕೂಲಿನಲ್ಲಿ ಬೋರ್ಡಿನ ಮೇಲೆ ಎರಡು ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದರು. "ಎಷ್ಟು ಏರಿತು ನೋಡ್ರಲೇ. ಅದನ್ನ ಎಷ್ಟು ಮುಂದೆ ಹೋತು ಅನ್ನೋದ್ರಿಂದ ಭಾಗಿಸ್ರಿ. ಅದೇ ಇಳಿಜಾರು." ನಾನು ಏರಿಕೆಯಲ್ಲಿ ಮಾತ್ರ ಚುಕ್ಕಿಗಳನ್ನು ಹಿಂದುಮುಂದು ಮಾಡಿ ಕಳೆದರೆ, "ಏರೋ ಗೆರೆನ ಇಳಿಸಿಬಿಟ್ಟೆಲ್ಲೋ ಸಾವ್ಕಾರ!" ಎನ್ನುತ್ತಿದ್ದರು.

ಲಕ್ವ ಹೊಡೆದ ಮೇಲೆ ದಾವಣಗೆರೆಯ ಮಗಳ ಮನೆಗೆ ಬಂದರು. ವ್ಯಾಯಾಮ ಮಾಡಿಸಿದರೆ ಮತ್ತೆ ನಡೆದಾರು ಅಂದಿದ್ದರು ಡಾಕ್ಟರು. ಎಂ.ಸಿ.ಸಿ. ಬಡಾವಣೆಯ ಒಂದು ಕ್ಲಿನಿಕ್ಕಿಗೆ ನಾನೇ ಕರೆದೊಯ್ದೆ. ಬಾಗಿಲಿಗೆ ಇಳಿಜಾರು ಇತ್ತು, ಮೇಲೆ ಗಾಲಿಕುರ್ಚಿಯ ಚಿತ್ರವನ್ನೂ ಬರೆಸಿದ್ದರು. ಆದರೆ ಮನೆ ಮುಂದೆ ಬೈಕ್ ಹತ್ತಿಸಲು ಕಟ್ಟುತ್ತಾರಲ್ಲ, ಅದೇ ಅದು!

ಮೇಷ್ಟ್ರು ಕಣ್ಣಲ್ಲೇ ಅಳೆದರು. "ಮುಂದಕ್ಕೆ ಮೂರಡಿ, ಮೇಲಕ್ಕೆ ಎರಡಡಿ. ಇಳಿಜಾರು ಎಷ್ಟಲೇ?"

"ಮೂರನೇ ಎರಡು, ಸಾರ್."

"ಇದು ಇಳಿಜಾರಲ್ಲಪ್ಪ, ಗೋಡೆ ಮಲಗೈತೆ."

ಕ್ಲಿನಿಕ್ಕಿನ ಆಳು, "ಏನಾಗಲ್ಲ, ಬರ್ರಿ" ಎಂದು ನೂಕಿಯೇಬಿಟ್ಟ. ಅರ್ಧಕ್ಕೆ ಕುರ್ಚಿ ಹಿಂದಕ್ಕೆ ಮಗುಚಿತು... ಸೊಂಟ ಮುರಿಯಿತು.

"ಇಳಿಜಾರು ಉದ್ದ ಮಾಡ್ರಿ, ಟೈಲ್ಸ್ ಪುಕ್ಕಟೆ ಕೊಡ್ತೀನಿ" ಎಂದು ಮ್ಯಾನೇಜರನಿಗೆ ಹೇಳಿದೆ. ಅವನು ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. "ಉದ್ದ ಮಾಡಿದ್ರೆ ಬೈಕ್ ಎಲ್ಲಿ ನಿಲ್ಸೋಣ್ರೀ? ಸ್ಲೋಪ್ ಐತಲ್ಲ, ಇನ್ನೇನು ಬೇಕು?" ಚೌಕಾಸಿಯಲ್ಲಿ ಎಂಥೆಂಥವರನ್ನೋ ಬಗ್ಗಿಸಿದ್ದೇನೆ; ಆ ನಾಚಿಕೆಗೆಟ್ಟವನನ್ನು ಬಗ್ಗಿಸಲಾಗಲಿಲ್ಲ.

ಮೇಷ್ಟ್ರು ಮತ್ತೆ ನಡೆಯಲಿಲ್ಲ. ಹಾಸಿಗೆಯಲ್ಲೇ ಹೋದರು.

ಕಟ್ಟಡ ಕಟ್ಟಿಸುವವರು ಕೇಳಿ: ಮೇಸ್ತ್ರಿಯ ಕಣ್ಣಂದಾಜು ನಂಬಬೇಡಿ. ಟೇಪ್ ಹಿಡಿಸಿ. ಒಂದಡಿ ಏರಲು ಹನ್ನೆರಡಡಿ ಬಿಡಿ.

ಮೊನ್ನೆ ನನ್ನ ಮೇಸ್ತ್ರಿಯೂ ಮೂರಡಿಗೇ ಮುಗಿಸಿದ್ದ. "ಬೈಕ್ ಆರಾಮಾಗಿ ಹತ್ತುತ್ತೆ ಬಿಡಣ್ಣ" ಅಂದ. "ಒಡಿ" ಅಂದೆ. ಮತ್ತೆ ಕಟ್ಟಿಸಿದೆ. ಅಂಗಡಿಯ ಮುಂಭಾಗವೆಲ್ಲ ಅದಕ್ಕೇ ಹೋಯಿತು, ಹೋಗಲಿ. ಸಿಮೆಂಟು ಒಣಗಿದ ಮೇಲೆ ಟೈಲ್ಸ್ ತುಂಬಿದ ಕೈಗಾಡಿಯನ್ನು ನಾನೇ ತಳ್ಳಿ ನೋಡಿದೆ. ಸಲೀಸಾಗಿ ಹತ್ತಿತು.

ಮೇಷ್ಟ್ರ ಕುರ್ಚಿಯೂ ಹತ್ತುತ್ತಿತ್ತು...