ಮೀನಿಗೆ ಗುಹೆ ಕಟ್ಟುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷದ ಸಿಮೆಂಟು ಅವನ್ನು ತಿಂದುಹಾಕಿ, ತುದಿಗಳು ಸವೆದ ಸಾಬೂನಿನ ಹಾಗೆ ನುಣುಪಾಗಿದ್ದವು. ಮರವಂತೆಯವರು, ಊರೂರಿನ ಬಾವಿಗಳಿಗೆ ಒಳಗಿನಿಂದ ಕಲ್ಲು ಕಟ್ಟಿ ಹೆಸರು ಮಾಡಿದ್ದರು. ಬೋರ್‌ವೆಲ್ಲು ಬಂದು ಆ ಕೆಲಸ ಕಡಿಮೆಯಾದ ಮೇಲೆ, ಕೋಟೇಶ್ವರದ ನನ್ನ ಅಕ್ವೇರಿಯಂ ಅಂಗಡಿಗೆ ಬಂದು ಉಪ್ಪುನೀರಿನ ತೊಟ್ಟಿಗಳೊಳಗೆ ಮೀನು ನುಸುಳಾಡಲು ಕಲ್ಲಿನ ಗುಹೆ, ಕಮಾನು ಕಟ್ಟಿಕೊಡತೊಡಗಿದರು.

ಅವರ ಕೆಲಸ ನೋಡುತ್ತ ಕೂತರೆ ನನ್ನಂಥ ಅವಸರದ ಹೆಂಗಸಿಗೆ ತಲೆ ಕೆಡುತ್ತಿತ್ತು. ತೂತುತೂತಿನ ಸುಣ್ಣಕಲ್ಲುಗಳನ್ನು ಮೊದಲು ಹಾಗೆಯೇ ಪೇರಿಸುವುದು, ಮೇಜು ಗುದ್ದುವುದು, ಬಿದ್ದರೆ ಮತ್ತೆ ಪೇರಿಸುವುದು. "ಕಲ್ಲ್ ಮೊದ್ಲ್ ತನ್ನಷ್ಟಕ್ಕೆ ನಿಲ್ಕ್. ಸಿಮೆಂಟ್ ಬರೀ ಕೈ ಹಿಡ್ಕಂಬುಕೆ," ಎನ್ನುತ್ತಿದ್ದರು. ಸಿಮೆಂಟು ಗಟ್ಟಿಯಾದ ಮೇಲೂ ಬಿಡುತ್ತಿರಲಿಲ್ಲ. ವಾರಗಟ್ಟಲೆ ಸಿಹಿನೀರಲ್ಲಿ ನೆನೆಹಾಕಿ, ಕೊನೆಗೆ ಆ ನೀರನ್ನು ಲೋಟದಲ್ಲಿ ತೆಗೆದು ಚಿಟಿಕೆ ಅರಶಿನ ಉದುರಿಸುವರು. ಸಿಮೆಂಟಿನ ಸುಣ್ಣ ಇನ್ನೂ ಬಿಡುತ್ತಿದ್ದರೆ ನೀರು ಆರತಿ ತಟ್ಟೆಯ ಕುರುದಿ ನೀರಿನ ಹಾಗೆ ಕೆಂಪಾಗುತ್ತಿತ್ತು. ಆ ಸುಣ್ಣ ಮೀನಿಗೆ ವಿಷ. ನೀರು ಹಳದಿಯಾಗಿಯೇ ಉಳಿದರೆ ಮಾತ್ರ ಕಲ್ಲು ತೊಟ್ಟಿಗಿಳಿಯುತ್ತಿತ್ತು.

"ಇನ್ನೆಷ್ಟ್ ದಿನ, ಮೇಸ್ತ್ರಿ?" ಎಂದು ನಾನು ಸಿಡುಕಿದರೆ, "ನನ್ನ ಕೇಂಬುದ್ ಎಂತಕೆ ತಂಗಿ? ನೀರನ್ನೇ ಕೇಣ್," ಎಂದು ನಗುತ್ತಿದ್ದರು.

ಬ್ರಹ್ಮಾವರದ ಗಿರಾಕಿಯೊಬ್ಬರು ಹೊಸ ಮನೆಯ ಪ್ರವೇಶಕ್ಕೆ ತೊಟ್ಟಿ ಹೇಳಿದ್ದರು. ಮೇಸ್ತ್ರಿ ಅದಕ್ಕೆ ಕಟ್ಟಿದ ಕಮಾನಿನ ನೀರು ಪರೀಕ್ಷಿಸಿ, ಹಳದಿ ಕಂಡು, ಒಪ್ಪಿ ಮನೆಗೆ ಹೋದರು. ಅದೇ ಮಧ್ಯಾಹ್ನ ಕಮಾನನ್ನು ಎತ್ತಿಡುವಾಗ ನನ್ನ ಕೈಜಾರಿ ಮೂರು ತುಂಡಾಯಿತು. ಅವರಿಗೆ ಹೇಳಿದರೆ ಮತ್ತೆ ಮೂರು ವಾರ. ನಾನೇ ಸಿಮೆಂಟು ಕಲಸಿ ದಪ್ಪಕ್ಕೆ ಮೆತ್ತಿದೆ. ಮರುದಿನ ಕಲ್ಲು, ಮೀನು ಎರಡನ್ನೂ ತೊಟ್ಟಿಗೆ ಬಿಟ್ಟು ಬಂದೆ. ಎರಡೇ ದಿನದಲ್ಲಿ ಮೀನುಗಳೆಲ್ಲ ಸತ್ತು ತೇಲಿದವು.

ಸುದ್ದಿ ಕೇಳಿ ಮೇಸ್ತ್ರಿ ಅಂಗಡಿಯ ಸ್ಟೂಲಿನ ಮೇಲೆ ಕೂತರು.

"ನಂಗೆ ಹಳದಿಯೇ ಕಂಡಿತ್ತಲೆ," ಎಂದರು. ಕಣ್ಣುಜ್ಜಿಕೊಂಡರು. "ಕಣ್ಣ್ ಹೋಯ್ತ್ ಕಾಣತ್ತ್, ತಂಗಿ. ಇನ್ನ್ ನಾ ಬತ್ತಿಲ್ಲೆ. ಜೀವದ್ ಮೇಲೆ ಆಟ ಆಡುಕಾಗ."

ಆಗ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ತಪ್ಪು ಅವರ ಹೆಸರಿಗೆ ಹೋದದ್ದು ನನಗೆ ಅನುಕೂಲವೇ ಆಗಿತ್ತು. ನಾಲ್ಕು ದಿನ ಕಳೆದು ಹೇಳಿದರಾಯಿತು ಅಂದುಕೊಂಡೆ, ನಾಲ್ಕು ವರ್ಷವಾಯಿತು. ಹೆಮ್ಮಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಅಂಗಡಿಯ ಮೀನುಗಳ ಯೋಗಕ್ಷೇಮ ಕೇಳುತ್ತಿದ್ದರು. ನಾನು ಬಸ್ಸು ಬರುವ ದಿಕ್ಕು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಎದೆನೋವು ಬಂದು ಮೇಸ್ತ್ರಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೋದವಳು, ಅವರ ಹೆಂಡತಿಯ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಉಡುಪಿಗೆ ಹೋಯಿ ಎರಡ್ ಸಲ ಕಣ್ಣ್ ತೋರ್ಸ್ಕಂಡ್ ಬಂದ್ರ್. ಕಣ್ಣ್ ಸಮ ಇತ್ತ್ ಅಂದ್ರ್ ಡಾಕ್ಟ್ರ್. ಇವ್ರ್ ನಂಬ್ಲೇ ಇಲ್ಲ," ಎಂದರು. ಆಮೇಲೆ ನನ್ನ ಮುಖ ನೋಡಿದರು. "ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ, ಹೆಣ್ಣೇ?"

ಅಷ್ಟು ಒಳ್ಳೆಯ ಕಣ್ಣುಗಳನ್ನು ಆ ಮನುಷ್ಯ ನಾಲ್ಕು ವರ್ಷ ದೂರುತ್ತ ಸತ್ತರು.