ಬೇಲಿಯ ಹತ್ತಿರ ಹಿಡಿದ ಕ್ಯಾಚು

ಇದನ್ನು ಬರೆಯಲು ಬಹಳ ವರ್ಷ ತಡಮಾಡಿದೆ. ಹೊಗೆಸೊಪ್ಪಿನ ಕೆಲಸ ಮುಗಿಯಲಿ ಅಂದೆ, ಮೊಮ್ಮಗಳ ಮದುವೆ ಕಳೆಯಲಿ ಅಂದೆ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಅಂದೆ. ಎಲ್ಲ ಆಯಿತು. ಕಳೆದ ತಿಂಗಳು ನಮ್ಮೂರಿನ ಹಳೆಯ ಕ್ರಿಕೆಟ್ ಆಟಗಾರನೊಬ್ಬನಿಗೆ ಸನ್ಮಾನ ನಡೆಯಿತು. ಅಲ್ಲಿಂದ ಬಂದ ಮೇಲೆ ಬರೆಯಲು ಕೂತೆ.

"ನಮ್ಮ ಕಾಲದಲ್ಲಿ ಎಲ್ಲರೂ ಒಂದಾಗಿ ಆಡ್ತಿದ್ದೋ" ಎಂದು ನನ್ನ ವಾರಿಗೆಯವರು ವೇದಿಕೆಯ ಮೇಲೆ ನಿಂತು ಹೇಳಿದರು. ಸುಳ್ಳು. ಆ ಕಾಲವನ್ನು ನಾನೂ ಕಂಡಿದ್ದೇನೆ.

ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಆಗ ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಬರಿ ಹೊಲವೇ ಮೈದಾನ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಯ ಘಾಟು ಗೋಡೆಗಳಿಂದ ಇನ್ನೂ ಹೋಗಿರುತ್ತಿರಲಿಲ್ಲ. ಚಡ್ಡಿಯ ಜೇಬಿನಲ್ಲಿ ಹುರಿದ ಅವರೆಕಾಳು, ಕೈಯಲ್ಲಿ ಹಲಸಿನ ಹಲಗೆಯ ಬ್ಯಾಟು. ಹೊಲದ ಕೊನೆಯಲ್ಲಿ ಆಳೆತ್ತರದ ಕಳ್ಳಿಬೇಲಿ. ಚೆಂಡು ಬೇಲಿ ದಾಟಿದರೂ ಸಿಕ್ಸು, ಹಿಡಿಯುವವನ ಮೈ ಬೇಲಿಗೆ ತಾಗಿದರೂ ಸಿಕ್ಸು.

ಆ ಮುಳ್ಳಿನ ಹತ್ತಿರ ನಿಲ್ಲಲು ನಮಗ್ಯಾರಿಗೂ ಮನಸ್ಸಿರಲಿಲ್ಲ. ಅದಕ್ಕೇ ಊರಾಚೆಯ ಕೇರಿಯಿಂದ ಒಬ್ಬ ಹುಡುಗನನ್ನು ಕರೆಸಿಕೊಂಡೆವು. ಬೇಲಿಯ ಹತ್ತಿರ ನಿಲ್ಲುವವನು, ಹಾಗಾಗಿ ಅವನನ್ನು 'ಬೇಲಿ' ಎಂದೇ ಕರೆದೆವು. ಅವನಿಗೆ ಬ್ಯಾಟು ಕೊಡುತ್ತಿರಲಿಲ್ಲ, ಬೋಲಿಂಗೂ ಇಲ್ಲ. ನಾನೇ ಕ್ಯಾಪ್ಟನ್ನು, ಏಕೆಂದರೆ ಹೊಲ ನಮ್ಮಪ್ಪನದು.

"ಲೇ ಬೇಲಿ, ಇನ್ನೂ ಆಚೀಕ್ ಓಗ್ಲಾ!" ಎಂದು ಕೂಗುತ್ತಿದ್ದೆ.

"ಇನ್ನೂ ಆಚೀಕ್ ಓದ್ರೆ ಉಣಸೂರ್ ಸೇರ್ಕತೀನಿ ಬುದ್ಧಿ!" ಎಂದು ಅವನು ನಗುತ್ತಿದ್ದ. ಒಂದೇ ವಯಸ್ಸಿನವನಾದ ನನ್ನನ್ನು ಅವನು ಒಡೆಯರಿಗೆ ಅನ್ನುವಂತೆ 'ಬುದ್ಧಿ' ಅನ್ನುತ್ತಿದ್ದ. ಅದು ನನಗೆ ಸಹಜವಾಗಿ ಕೇಳಿಸುತ್ತಿತ್ತು.

ಬಾಯಾರಿದಾಗ ನಾವು ಚೊಂಬು ಎತ್ತಿ ಕುಡಿಯುತ್ತಿದ್ದೆವು. ಅವನು ಬಗ್ಗಿ ಬೊಗಸೆ ಒಡ್ಡಬೇಕು, ನಾವು ಮೇಲಿನಿಂದ ಸುರಿಯಬೇಕು. ಒಂದು ಹನಿಯೂ ಸೋರದ ಬೊಗಸೆ ಅದು. ಚೆಂಡನ್ನೂ ಹಾಗೆಯೇ ಹಿಡಿಯುತ್ತಿದ್ದ.

ಆ ಸಲ ಪಕ್ಕದ ಊರಿನವರೊಡನೆ ಪಂದ್ಯ. ನಮ್ಮ ಶಾಲೆಯ ಮೇಷ್ಟ್ರೇ ಅಂಪೈರು. ನಮ್ಮಲ್ಲಿ ಒಂದು ರೂಢಿಯಿತ್ತು: ಪಂದ್ಯ ಗೆಲ್ಲಿಸಿದವನನ್ನು ಹೆಗಲ ಮೇಲೆ ಹೊತ್ತು, ಊರ ಬೀದಿಯಲ್ಲಿ ಮೆರೆಸಿ, ಕ್ಯಾಪ್ಟನ್ನಿನ ಮನೆಯ ಜಗಲಿಯಲ್ಲಿ ಇಳಿಸಬೇಕು. ಅಂದರೆ ನಮ್ಮ ಮನೆಯ ಜಗಲಿಯಲ್ಲಿ. ಅಲ್ಲಿ ನಮ್ಮವ್ವ ಎಲ್ಲರಿಗೂ ಬೆಲ್ಲದ ಪಾನಕ ಕೊಡುತ್ತಿದ್ದಳು.

ಎದುರಾಳಿಗಳ ಕೊನೆಯ ಜೋಡಿ ಆಡುತ್ತಿತ್ತು. ಅವರಿಗೆ ಇನ್ನೊಂದು ದೊಡ್ಡ ಹೊಡೆತ ಸಾಕಾಗಿತ್ತು. ಹೊಡೆದೇಬಿಟ್ಟರು. ಚೆಂಡು ಮೇಲೇರಿ ಬೇಲಿಯ ಕಡೆ ಇಳಿಯಿತು. ಅವನು ಹಿಂದೆ ಹಿಂದೆ ಓಡಿ, ಕಳ್ಳಿಗೆ ಒಂದು ಮೊಳ ಇರುವಾಗ ಕಾಲು ನಾಟಿ ನಿಂತು, ಬೊಗಸೆಯೊಳಗೆ ತೆಗೆದುಕೊಂಡ. ಚೆಂಡಿನ ಹಿಂದೆ ಓಡಿಬಂದಿದ್ದ ನಾನು ಅವನಿಗೆ ತೀರ ಹತ್ತಿರದಲ್ಲಿದ್ದೆ. ಕಣ್ಣಾರೆ ಕಂಡೆ.

"ಗೆದ್ದೋ ಕಣ್ರಲಾ! ಎತ್ಕಳ್ರಲಾ!" ಎಂದು ಯಾರೋ ಕೂಗಿದರು. ಎಲ್ಲರೂ ಓಡಿಬಂದರು. ಬಂದವರು ಅವನ ಮುಂದೆ ಎರಡು ಮಾರು ದೂರದಲ್ಲಿ ಗಕ್ಕನೆ ನಿಂತುಬಿಟ್ಟರು. ಎತ್ತಬೇಕಾದವನು ಯಾರೆಂದು ಆಗ ಹೊಳೆಯಿತು. ಮುಟ್ಟಬೇಕು. ಬೀದಿಯಲ್ಲಿ ಹೊರಬೇಕು. ನಮ್ಮ ಜಗಲಿಯಲ್ಲಿ ಇಳಿಸಬೇಕು. ಜಗಲಿಯ ಮೇಲೆ ನಮ್ಮಜ್ಜಿ ಕೂತಿರುತ್ತಾಳೆ. ಎಲ್ಲರೂ ನನ್ನ ಮುಖ ನೋಡಿದರು.

ದೂರದಿಂದ ಮೇಷ್ಟ್ರು ಕೇಳಿದರು: "ಏನ್ಲಾ, ಸರ್ಯಾಗ್ ಇಡುದ್ನೇನ್ಲಾ?"

"ಇಲ್ಲ ಸಾ. ಬೆನ್ನು ಬೇಲಿಗ್ ತಗುಲ್ತು. ಸಿಕ್ಸು" ಅಂದೆ.

"ನೀವೇ ನೋಡುದ್ರಲ್ಲಾ, ಬುದ್ಧಿ" ಎಂದ ಅವನು. ಅಷ್ಟೇ. ಅಂಗಿ ಕಳಚಿ ಬೆನ್ನು ತೋರಿಸಿದ. ಒಂದು ಮುಳ್ಳಿನ ಗೀರೂ ಇರಲಿಲ್ಲ. ಮೇಷ್ಟ್ರು ಹತ್ತಿರ ಬಂದು ಆ ಬೆನ್ನನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು, ಎರಡೂ ಕೈ ಎತ್ತಿ ಸಿಕ್ಸು ಕೊಟ್ಟರು. ಒಬ್ಬನನ್ನು ಮುಟ್ಟಬೇಕಾಗುತ್ತದೆಂದು ಗೆದ್ದ ಪಂದ್ಯವನ್ನು ಸೋತವರು ನಾವು. ನಮ್ಮಂಥ ಮೂರ್ಖರು ಬೇರೆಲ್ಲೂ ಹುಟ್ಟಿರಲಾರರು.

ಅವನು ಮತ್ತೆ ನಮ್ಮ ಹೊಲಕ್ಕೆ ಬರಲಿಲ್ಲ. ಬೆಳೆದ ಮೇಲೆ ಮೈಸೂರಿನ ಕಾರ್ಖಾನೆಯೊಂದು ತನ್ನ ಕ್ರಿಕೆಟ್ ತಂಡಕ್ಕಾಗಿ ಅವನನ್ನು ಕರೆದು ಕೆಲಸ ಕೊಟ್ಟಿತು. ನಿವೃತ್ತಿಯಾಗುವವರೆಗೂ ಅವನ ಅನ್ನ ಆಟದಿಂದಲೇ ಬಂತು. ಒಮ್ಮೆ ಅಲ್ಲಿಗೆ ಹೋಗಿ, ಮರದ ಮರೆಯಲ್ಲಿ ಕಳ್ಳನಂತೆ ನಿಂತು ಅವನ ಆಟ ನೋಡಿದ್ದೆ. ಬ್ಯಾಟಿನ ಸದ್ದು ನಮಗೆ ಕೇಳಿಸುವಷ್ಟರಲ್ಲಿ ಅವನು ಅರ್ಧ ದಾರಿ ಓಡಿರುತ್ತಿದ್ದ. ಬ್ಯಾಟು ಹಿಡಿದವರು ಅವನ ಕಡೆಗೆ ಎರಡನೇ ಓಟ ಕದಿಯಲು ಹೆದರುತ್ತಿದ್ದರು. ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ. ತಡೆದವನದು ಎಲ್ಲಿ ಬರುತ್ತದೆ?

ಸನ್ಮಾನದ ಬ್ಯಾನರಿನಲ್ಲಿ 'ಬೇಲಿ' ಎಂದು ಮಾರುದ್ದ ಬರೆಸಿದ್ದರು. ಅವನ ಹೆಸರು ಕೆಳಗೆಲ್ಲೋ ಇರುವೆ ಸಾಲಿನಂತಿತ್ತು. ನಾವು ಬಯ್ದು ಕರೆದದ್ದು ಈಗ ಬಿರುದಾಗಿದೆ! ಭಾಷಣಕಾರನೊಬ್ಬ, "ಚಿಕ್ಕಂದಿನಲ್ಲೇ ಬೌಂಡರಿಯನ್ನು ಇಷ್ಟಪಟ್ಟು ಆರಿಸಿಕೊಂಡರು. ಆಗ ಕೈಚೆಲ್ಲಿದ ಒಂದು ಕ್ಯಾಚೇ ಅವರಿಗೆ ಪಾಠವಾಯಿತು" ಅಂದ. ಇಷ್ಟಪಟ್ಟು ಆರಿಸಿಕೊಂಡನಂತೆ!

ಅವನು ಮೈಕು ಎಳೆದುಕೊಂಡು, "ಅದು ಔಟು ಕಣ್ರಪ್ಪ" ಅಂದ. ಸಭೆ ತಮಾಷೆ ಎಂದುಕೊಂಡು ನಕ್ಕಿತು. ಅವನು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಶಾಲು ಹೊದಿಸಲು ಬಾಲ್ಯದ ಗೆಳೆಯನೆಂದು ನನ್ನನ್ನೇ ಕರೆದರು. ಶಾಲು ಹಿಡಿದು ತಡವರಿಸಿದೆ. ಅವನು ಕಿವಿಯ ಹತ್ತಿರ ಬಾಗಿ, "ಆಕಪ್ಪ. ಈಗ ಮುಟ್ಟುದ್ರೆ ಏನೂ ಆಗಲ್ಲ" ಅಂದ.

ಆಮೇಲೆ ಮೈಕು ನನ್ನ ಕೈಗೆ ಬಂತು. ಸತ್ಯ ಹೇಳಲು ಒಂದೇ ಮಾತು ಸಾಕಿತ್ತು. "ಇವರು ನಮ್ಮೂರಿಗೆ ಹೆಮ್ಮೆ" ಎಂದು ಹೇಳಿ ಕೂತೆ. ಹುಡುಗನಾಗಿದ್ದಾಗ ಅಜ್ಜಿಗೆ ಹೆದರಿದ್ದೆ. ಈಗ ಅಜ್ಜಿ ಇಲ್ಲ, ಜಗಲಿಯೂ ಇಲ್ಲ, ಕಳ್ಳಿ ಕಡಿದು ಆ ಹೊಲವನ್ನು ಸೈಟು ಮಾಡಿದ್ದಾರೆ. ನಾಚಿಕೆಗೇಡಿಯಾದ ನಾನು ಇನ್ನು ಯಾರಿಗೆ ಹೆದರಿದೆ?

ಹೋದ ಹೊಲಕ್ಕಾಗಿ, ಅವರೆಕಾಳಿಗಾಗಿ ನಾನು ಅಳುವುದಿಲ್ಲ. ಎದುರಿಗೇ ಕೂತಿದ್ದವನ ಹತ್ತಿರ ಕ್ಷಮೆ ಕೇಳುವ ಹೊತ್ತನ್ನು ಕೈಚೆಲ್ಲಿದೆ; ಸತ್ಯವನ್ನು ಕೈಚೆಲ್ಲಿದ್ದು ಇದು ಎರಡನೇ ಸಲ. ಅವತ್ತು ಚೆಂಡು ಬೊಗಸೆಯಲ್ಲಿತ್ತು, ಬೆನ್ನು ಬೇಲಿಗೆ ತಗುಲಿರಲಿಲ್ಲ. ಅದು ಔಟು. ಹಿಡಿದವನು ಬೇಲಿಯಲ್ಲ, ಪುಟ್ಟಮಾದಯ್ಯ.